ಗಿಳಿಹಸಿರು ಸೀರೆ ಕ್ಯಾಟಲಾಗಿನಲ್ಲಿ ಮಂಕಾಗಿದ್ದು ಯಾಕೆ?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಸೀರೆ ಅಂಗಡಿ. ಮೊಳಕಾಲ್ಮೂರು ರೇಷ್ಮೆ ಸೀರೆಗಳದ್ದೇ ಒಂದು 16 ಪುಟದ ಕ್ಯಾಟಲಾಗ್ ಮಾಡಿಸಿದೆವು. ಫೋಟೊಗಳನ್ನು ಮೊಬೈಲ್‌ನಲ್ಲಿ, ಕಂಪ್ಯೂಟರಿನಲ್ಲಿ ನೋಡಿದಾಗ ಬಹಳ ಚೆನ್ನಾಗಿದ್ದವು. ಪ್ರಿಂಟ್ ಆಗಿ ಬಂದ ಮೇಲೆ ಗಿಳಿಹಸಿರು ಸೀರೆ ಮಂಕಾಗಿದೆ. ಜರಿ ಅಂಚು ಸಾಸಿವೆ ಬಣ್ಣಕ್ಕೆ ತಿರುಗಿದೆ. ಇನ್ನೊಂದು ಸೀರೆಯ ಮೇಲೆ ಇಲ್ಲದ ಅಲೆ ಅಲೆ ಗೆರೆ ಬಂದಿದೆ. ಕೇಳಿದರೆ ಪ್ರೆಸ್‌ನವರು ‘ಸೆಪರೇಷನ್ ಹಾಗೇ ಬಂದಿದೆ, ನಾವೇನು ಮಾಡೋಣ’ ಅಂದರು. ಈ ಕಲರ್ ಸೆಪರೇಷನ್ ಅಂದರೆ ಏನು? ತಪ್ಪು ಎಲ್ಲಾಗಿದೆ? ಎರಡು ಪುಟಗಳನ್ನೂ ಆ ಹಸಿರು ಸೀರೆಯ ಬ್ಲೌಸ್ ಪೀಸನ್ನೂ ಕಳಿಸಿದ್ದೇನೆ.

ಉತ್ತರ: ಬ್ಲೌಸ್ ಪೀಸ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ದಾವಣಗೆರೆಯಲ್ಲಿ 30 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೂಲ ವಸ್ತುವನ್ನೇ ಕೈಗೆ ಕೊಟ್ಟು ‘ಇದರ ಹಾಗೆ ಬರಬೇಕಿತ್ತು’ ಅಂದವರು ಬಹಳ ಕಡಿಮೆ. ಬಟ್ಟೆಯನ್ನೂ ಪುಟವನ್ನೂ ಪಕ್ಕಪಕ್ಕ ಇಟ್ಟು ಲೂಪ್‌ನಲ್ಲಿ ನೋಡಿದೆ. ಲೂಪ್ ಅಂದರೆ ಹಾಳೆ ಮೇಲಿಟ್ಟು ಕಣ್ಣು ಹಚ್ಚಿ ನೋಡುವ ಪುಟ್ಟ ಭೂತಗನ್ನಡಿ. ನಿಮ್ಮ ಪ್ರಶ್ನೆಗೆ ಉತ್ತರ ಅರ್ಧ ಅಲ್ಲೇ ಸಿಕ್ಕಿತು.

ಮೊದಲು ಬಟ್ಟೆ. ಬರಿಗಣ್ಣಿಗೆ ಅದು ಗಿಳಿಹಸಿರು. ಲೂಪ್ ಕೆಳಗೆ ಹಾಸಿನ ಎಳೆ ಹಳದಿ, ಹೊಕ್ಕಿನ ಎಳೆ ಹಸಿರು. ಎರಡು ಎಳೆ ಅಕ್ಕಪಕ್ಕ ಇವೆ, ಬೆರೆಸುವ ಕೆಲಸ ನಿಮ್ಮ ಕಣ್ಣಿನದು. ಡಬಲ್ ಶೇಡ್ ಸೀರೆ ಮಾರುವ ನಿಮಗೆ ಇದು ದಿನಾ ಗೊತ್ತಿರುವ ವಿಷಯ, ಅಲ್ವಾ?

ಈಗ ಪುಟ. ಅದೇ ಹಸಿರು, ಲೂಪ್ ಕೆಳಗೆ ಹಸಿರು ಇಂಕ್ ಎಲ್ಲೂ ಇಲ್ಲ. ನೀಲಿ ಚುಕ್ಕಿ, ಹಳದಿ ಚುಕ್ಕಿ, ಅವು ಒಂದರ ಮೇಲೊಂದು ಬಿದ್ದಲ್ಲಿ ಮಾತ್ರ ಹಸಿರು. ಅವುಗಳ ನಡುವೆ ಸಣ್ಣ ಗುಲಾಬಿ ಚುಕ್ಕಿ, ಅಲ್ಲಲ್ಲಿ ಕಪ್ಪು ಚುಕ್ಕಿ. ಪ್ರೆಸ್‌ನಲ್ಲಿ ಹಸಿರು ಇಂಕ್ ಹಾಕಿಯೇ ಇಲ್ಲ. ನಾಲ್ಕು ಇಂಕಿನ ಚುಕ್ಕಿಗಳನ್ನು ಒಂದೊಂದು ಅಳತೆಯಲ್ಲಿ ಕೂರಿಸಿ ಕಣ್ಣಿಗೆ ಹಸಿರು ಕಾಣಿಸಿದ್ದಾರೆ. ಯಾವ ಜಾಗದಲ್ಲಿ ಯಾವ ಇಂಕಿನ ಚುಕ್ಕಿ ಎಷ್ಟು ದಪ್ಪ ಇರಬೇಕು ಅಂತ ಒಂದು ಚಿತ್ರವನ್ನು ನಾಲ್ಕಾಗಿ ಒಡೆಯುವ ಕೆಲಸಕ್ಕೇ ಕಲರ್ ಸೆಪರೇಷನ್ ಅನ್ನುತ್ತಾರೆ. ನಾಲ್ಕು ಚಿತ್ರಕ್ಕೆ, ಇಂಕ್ ಹಚ್ಚಿ ಹೊಡೆಯಲು, ನಾಲ್ಕು ಅಲ್ಯುಮಿನಿಯಂ ಪ್ಲೇಟ್. ಸಯಾನ್ ಅನ್ನುವ ತಿಳಿನೀಲಿ, ಮೆಜೆಂಟಾ ಅನ್ನುವ ಗುಲಾಬಿ, ಹಳದಿ, ಕಪ್ಪು.

ಆ ಸಣ್ಣ ಗುಲಾಬಿ ಚುಕ್ಕಿಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಸೀರೆಯನ್ನು ಕೆಡಿಸಿದ್ದು ಅದೇ.

ಅದು ಯಾಕೆ ಅಂತ ತಿಳಿಯಲು ಇಂಕ್ ಏನು ಮಾಡುತ್ತದೆ ಅಂತ ನೋಡಬೇಕು. ಮೊಬೈಲ್ ಪರದೆ ತಾನೇ ಬೆಳಕು ಕೊಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸುತ್ತಾ ಹೋಗುತ್ತದೆ. ಮೂರೂ ತುಂಬಿದರೆ ಬಿಳಿ. ಕಾಗದಕ್ಕೆ ತನ್ನ ಬೆಳಕಿಲ್ಲ. ಮೇಲೆ ಬಿದ್ದ ಬೆಳಕನ್ನು ವಾಪಸ್ ಕೊಡುತ್ತದೆ, ಅಷ್ಟೇ. ಇಂಕ್ ಆ ಬೆಳಕಿನಲ್ಲಿ ಒಂದು ಪಾಲನ್ನು ನುಂಗುತ್ತದೆ. ಸಯಾನ್ ಕೆಂಪು ಬೆಳಕನ್ನು ನುಂಗುತ್ತದೆ. ಮೆಜೆಂಟಾ ಹಸಿರನ್ನು, ಹಳದಿ ಇಂಕ್ ನೀಲಿಯನ್ನು. ಸಯಾನ್ ಮೇಲೆ ಹಳದಿ ಬಿದ್ದರೆ ಕೆಂಪೂ ಹೋಯಿತು, ನೀಲಿಯೂ ಹೋಯಿತು. ಉಳಿದದ್ದು ಹಸಿರು. ಈಗ ಅಲ್ಲಿಗೆ ಮೆಜೆಂಟಾ ಸೇರಿಸಿದರೆ ಏನಾಗುತ್ತದೆ? ಉಳಿದಿದ್ದ ಆ ಹಸಿರನ್ನೇ ಅದು ನುಂಗಲು ಶುರು ಮಾಡುತ್ತದೆ. ಶೇ. 10 ಇದ್ದರೂ ಸಾಕು, ಗಿಳಿ ಹೋಗಿ ಒಣಗಿದ ಬೇವಿನೆಲೆ ಆಗುತ್ತದೆ.

ಇದಕ್ಕೆ ನಮ್ಮಲ್ಲಿ ಮೂರನೇ ಬಣ್ಣ ಅನ್ನುತ್ತೇವೆ. ಗಿಳಿಹಸಿರಿಗೆ ಮೂರನೇ ಬಣ್ಣ ಮೆಜೆಂಟಾ. ಕುಂಕುಮದ ಕೆಂಪಿಗೆ ಸಯಾನ್. ಬಾಳೆಹಣ್ಣಿನ ಹಳದಿಗೆ ಸಯಾನೂ ಕಪ್ಪೂ. ಬಟ್ಟೆಯ ಮಡಿಕೆ ಕಾಣಲು, ನೆರಳು ಕಾಣಲು ಮೂರನೇ ಬಣ್ಣ ಸ್ವಲ್ಪ ಬೇಕು. ಅದು ಮಡಿಕೆಯ ಒಳಗೆ ಮಾತ್ರ ಇರಬೇಕು, ಸೀರೆಯ ಹೊಳೆಯುವ ಭಾಗಕ್ಕೆ ಬರಬಾರದು. ನಿಮ್ಮ ಪುಟದಲ್ಲಿ ಬಂದಿದೆ. ಫೋಟೊವನ್ನು ಸಾಫ್ಟ್‌ವೇರ್‌ನಲ್ಲಿ ತೆರೆದು, ಆರ್‌ಜಿಬಿಯಿಂದ (ಪರದೆಯ ಮೂರು ಬೆಳಕಿನ ಲೆಕ್ಕ) ಸಿಎಂವೈಕೆಗೆ (ನಾಲ್ಕು ಇಂಕಿನ ಲೆಕ್ಕ) ಒಂದು ಗುಂಡಿ ಒತ್ತಿ ಬದಲಾಯಿಸಿ, ಸುಮ್ನೆ ಪ್ಲೇಟಿಗೆ ಕಳಿಸಿದ್ದಾರೆ ಅಂತ ಕಾಣುತ್ತದೆ. ಗುಂಡಿ ಒತ್ತಿದ ಮೇಲೆ ಒಬ್ಬರು ಹತ್ತು ನಿಮಿಷ ಕೂತು, ಆ ಸೀರೆಯನ್ನು ಮಾತ್ರ ಆರಿಸಿಕೊಂಡು ಮೆಜೆಂಟಾ ಇಳಿಸಿದ್ದರೆ ಅರ್ಧ ಮಂಕು ಅಲ್ಲೇ ಹೋಗುತ್ತಿತ್ತು. ಅದಕ್ಕೇ ‘ಸೆಪರೇಷನ್ ಹಾಗೇ ಬಂದಿದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೆಪರೇಷನ್ ಬರುವುದಿಲ್ಲ. ಅದನ್ನು ಯಾರೋ ಮಾಡುತ್ತಾರೆ.

ಉಳಿದ ಅರ್ಧ ಮಂಕಿಗೆ ಮಾತ್ರ ಯಾರನ್ನೂ ದೂರಬೇಡಿ. ಮೊಬೈಲ್ ಪರದೆಯ ಹಸಿರನ್ನು ನಾಲ್ಕು ಇಂಕಿನಲ್ಲಿ ಪೂರ್ತಿ ತರಲು ಆಗುವುದಿಲ್ಲ. ಇಂಕುಗಳು ಅಷ್ಟು ಶುದ್ಧ ಅಲ್ಲ. ಸಯಾನ್ ಇಂಕ್ ಕೆಂಪನ್ನು ಮಾತ್ರ ನುಂಗಬೇಕು, ಆದರೆ ಹಸಿರು ಬೆಳಕನ್ನೂ ಸ್ವಲ್ಪ ತಿನ್ನುತ್ತದೆ. ಮೆಜೆಂಟಾ ಇಂಕ್ ನೀಲಿಯನ್ನೂ ಸ್ವಲ್ಪ ತಿನ್ನುತ್ತದೆ. ಹಳದಿ ಒಂದೇ ಸುಮಾರಾಗಿ ಶುದ್ಧ. ಅದಕ್ಕೇ ಹೊಳೆಯುವ ಹಸಿರು, ನೀಲಿ, ನೇರಳೆ, ಕಿತ್ತಳೆ, ಇವು ಕಾಗದದ ಮೇಲೆ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತವೆ. ಸಯಾನ್ ಶೇ. 100, ಮೆಜೆಂಟಾ ಶೇ. 100 ಹಾಕಿದರೆ ನೀಲಿ ಬರಬೇಕು, ಬರುವುದು ನೇರಳೆ. ನೀಲಿ ಬೇಕಾದರೆ ಮೆಜೆಂಟಾವನ್ನು ಶೇ. 60–70ಕ್ಕೆ ಇಳಿಸಬೇಕು. ಬೂದು ಬಣ್ಣಕ್ಕೂ ಹಾಗೇ. ಮೂರನ್ನೂ ಸಮ ಹಾಕಿದರೆ ಕಂದು ಛಾಯೆ ಬರುತ್ತದೆ. ಸಯಾನ್ 50 ಇದ್ದರೆ ಉಳಿದೆರಡು 40ರ ಆಸುಪಾಸು ಇರಬೇಕು.

ಬಣ್ಣ ಒಡೆಯುವ ಈ ವಿದ್ಯೆಗೂ ಬಟ್ಟೆಗೂ ಹಳೆಯ ನಂಟಿದೆ. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ತೋರಿಸಿದರು. ಬಣ್ಣದ ಪಟ್ಟೆಗಳಿದ್ದ ಒಂದು ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿ ಮೂರು ಸಲ ಫೋಟೊ ತೆಗೆಸಿದ್ದರು. ತೆಗೆದವರು ಥಾಮಸ್ ಸಟನ್. ಆ ಮೂರು ಕಪ್ಪು–ಬಿಳುಪು ಚಿತ್ರಗಳನ್ನು ಅದೇ ಫಿಲ್ಟರ್‌ಗಳ ಮೂಲಕ ಗೋಡೆ ಮೇಲೆ ಒಂದರ ಮೇಲೊಂದು ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಕಂಡಿತು. ಮುಂದೆ ಪ್ರೆಸ್‌ನ ದೊಡ್ಡ ಪ್ರೋಸೆಸ್ ಕ್ಯಾಮೆರಾಗಳು ಮಾಡಿದ್ದೂ ಇದನ್ನೇ. ಕೆಂಪು ಫಿಲ್ಟರ್‌ನಿಂದ ಸಯಾನ್ ಪ್ಲೇಟ್, ಹಸಿರು ಫಿಲ್ಟರ್‌ನಿಂದ ಮೆಜೆಂಟಾ, ನೀಲಿ ಫಿಲ್ಟರ್‌ನಿಂದ ಹಳದಿ.

ನಮ್ಮ ದೇಶದಲ್ಲಿ ಆ ಕ್ಯಾಮೆರಾಗಳು ಬರುವ ಮೊದಲು ಈ ಕೆಲಸ ಕಣ್ಣು, ಕೈಯಲ್ಲೇ ನಡೆಯುತ್ತಿತ್ತು. 1894ರಲ್ಲಿ ಮುಂಬೈನಲ್ಲಿ ಶುರುವಾದ ರವಿವರ್ಮರ ಪ್ರೆಸ್ಸಿನಲ್ಲಿ ಒಂದು ಲಕ್ಷ್ಮಿಯ ಚಿತ್ರಕ್ಕೆ, ಪ್ಲೇಟಿನ ಬದಲು, ಬಣ್ಣಕ್ಕೊಂದು ಕಲ್ಲು. ಚಿತ್ರ ನೋಡಿ, ಈ ಸೆರಗಿನಲ್ಲಿ ಕೆಂಪು ಎಷ್ಟು, ಹಳದಿ ಎಷ್ಟು ಅಂತ ಲೆಕ್ಕ ಹಾಕಿ, ಕಲ್ಲಿನ ಮೇಲೆ ಬರೆಯುತ್ತಿದ್ದರು. ನಮ್ಮ ಅಜ್ಜಿಯರ ದೇವರ ಮನೆಯಲ್ಲಿದ್ದ ಆ ಪಟಗಳನ್ನು ನೆನೆದಾಗಲೆಲ್ಲ ಆ ಕೈಗಳಿಗೆ ಮುಗಿಯಬೇಕು ಅನಿಸುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಫಿಲಂ ಕಾಲ. ದಾವಣಗೆರೆಯಲ್ಲಿ ಡಿಸೈನ್ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ರಾತ್ರಿ ಬಸ್ಸಿನಲ್ಲಿ ಪಾಸಿಟಿವ್, ಅಂದರೆ ಪ್ಲೇಟ್ ಮಾಡಲು ಬೇಕಾದ ಪಾರದರ್ಶಕ ಫಿಲಂ, ಬರುತ್ತಿತ್ತು. ಒಂದು ಪುಟಕ್ಕೆ ನಾಲ್ಕು ಫಿಲಂ, ನಾಲ್ಕೂ ಬರೀ ಕಪ್ಪು ಚುಕ್ಕಿ. ಯಾವುದು ಯಾವ ಬಣ್ಣದ್ದು ಅಂತ ಅಂಚಿನಲ್ಲಿ ಒಂದಕ್ಷರ ಇರುತ್ತಿತ್ತು. ಒಂದು ಸಲ ದೇವಿಯ ಚಿತ್ರದ ಕ್ಯಾಲೆಂಡರ್. ಫಿಲಂ ಅಂಟಿಸುವಾಗ ನಾನು ಅಂಚು ಕತ್ತರಿಸಿಬಿಟ್ಟೆ. ಸಯಾನ್ ಮತ್ತು ಮೆಜೆಂಟಾ ಅದಲು ಬದಲಾದವು. ನಮ್ಮದು ಸಿಂಗಲ್ ಕಲರ್ ಮಷೀನ್, ಒಂದೇ ಹಾಳೆ ನಾಲ್ಕು ಸಲ ಓಡಬೇಕು. ಹಳದಿ ಮುಗಿದಿತ್ತು. ಅದರ ಮೇಲೆ ಸಯಾನ್ ಇಂಕ್ ಬಿದ್ದ ಕೂಡಲೇ ದೇವಿಯ ಮುಖ ಹಸಿರಾಯಿತು. ತೋರಣದ ಮಾವಿನೆಲೆ ಹಳದಿಯಾಗೇ ಉಳಿಯಿತು. ಮಷೀನ್ ನಿಲ್ಲಿಸಿದರು. ಹಳದಿ ಹೊಡೆದಿಟ್ಟ ಹಾಳೆಗಳಲ್ಲಿ ಒಂದಷ್ಟು ಆಗಲೇ ಹಾಳಾಗಿದ್ದವು. ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ.

ಹಿರಿಯ ಆಪರೇಟರ್ ಒಬ್ಬರು ಮರುದಿನ ಲೈಟ್ ಟೇಬಲ್ (ಕೆಳಗಿನಿಂದ ಬೆಳಕು ಬರುವ ಮೇಜು) ಮುಂದೆ ಕೂರಿಸಿಕೊಂಡು ಹೇಳಿಕೊಟ್ಟರು. ‘ಅಕ್ಷರ ನೋಡಬೇಡ, ಚಿತ್ರ ನೋಡು. ತುಟಿ ಎಲ್ಲಿ ದಟ್ಟ ಇದೆಯೋ ಅದು ಮೆಜೆಂಟಾ. ಎಲೆ ದಟ್ಟ ಇದ್ದು ಮುಖ ಬೆಳ್ಳಗಿದ್ದರೆ ಸಯಾನ್. ಎಲೆಯೂ ದಟ್ಟ, ತುಟಿಯೂ ದಟ್ಟ ಅಂದರೆ ಹಳದಿ. ಕೂದಲು, ರೆಪ್ಪೆ ಮಾತ್ರ ಇದ್ದರೆ ಕಪ್ಪು.’ ಇವತ್ತಿಗೂ ಪ್ಲೇಟನ್ನು ನಾನು ಹಾಗೇ ಓದುತ್ತೇನೆ. ನಿಮ್ಮ ಹಸಿರು ಸೀರೆಯ ಮೆಜೆಂಟಾ ಪ್ಲೇಟನ್ನು ಯಾರಾದರೂ ಹೀಗೆ ಎತ್ತಿ ನೋಡಿದ್ದರೆ, ಸೀರೆಯ ಮೈ ಇರುವ ಜಾಗ ಖಾಲಿ ಇರಬೇಕಾದಲ್ಲಿ ಬೂದು ಕಾಣುತ್ತಿತ್ತು. ಆಗಲೇ ನಿಲ್ಲಿಸಬಹುದಿತ್ತು.

ಇನ್ನು ಅಲೆ ಅಲೆ ಗೆರೆ. ಇದಕ್ಕೆ ಮೊಯರೆ ಅನ್ನುತ್ತಾರೆ. ಎರಡು ಸೊಳ್ಳೆ ಪರದೆಯನ್ನು ಒಂದರ ಮೇಲೊಂದು ಹಿಡಿದು ಸ್ವಲ್ಪ ತಿರುಗಿಸಿ ನೋಡಿ. ಯಾವ ಪರದೆಯಲ್ಲೂ ಇಲ್ಲದ ಅಲೆಗಳು ಎದ್ದು ಬರುತ್ತವೆ. ಒಂದೇ ಸಮ ಸಾಲಾಗಿರುವ ಎರಡು ವಿನ್ಯಾಸ ಮೇಲೆ ಮೇಲೆ ಬಂದರೆ ಹೀಗಾಗುತ್ತದೆ. ಪ್ರಿಂಟಿನ ಚುಕ್ಕಿಗಳೂ ಸಾಲಾಗಿಯೇ ಇರುತ್ತವೆ. ಆರ್ಟ್ ಪೇಪರ್ ಅನ್ನುವ ನುಣುಪು ಕಾಗದದ ಮೇಲೆ ಇಂಚಿಗೆ 150 ಅಥವಾ 175 ಸಾಲು ಸಾಮಾನ್ಯ. 150 ಅಂದರೂ ಒಂದು ಚದರ ಇಂಚಿಗೆ, ಒಂದೊಂದು ಬಣ್ಣಕ್ಕೆ, 22,500 ಚುಕ್ಕಿ. ನಾಲ್ಕು ಬಣ್ಣದ ಸಾಲುಗಳನ್ನು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಇಟ್ಟರೆ ಪುಟದ ತುಂಬ ಅಲೆ ಎದ್ದೀತು. ಅದಕ್ಕೇ ಓರೆ ಮಾಡಿ ಕೂರಿಸುತ್ತಾರೆ. ವಾಡಿಕೆಯಲ್ಲಿ ಸಯಾನ್ 15 ಡಿಗ್ರಿ, ಕಪ್ಪು 45, ಮೆಜೆಂಟಾ 75. ಒಂದಕ್ಕೊಂದು 30 ಡಿಗ್ರಿ ದೂರ. ಹಳದಿಗೆ ಜಾಗ ಉಳಿಯುವುದಿಲ್ಲ, ಅದನ್ನು ಸೊನ್ನೆಗೆ ಇಡುತ್ತಾರೆ. ಅದಕ್ಕೆ 15 ಡಿಗ್ರಿ ಮಾತ್ರ ಅಂತರ ಸಿಗುತ್ತದೆ. ಹಳದಿ ಚುಕ್ಕಿ ಕಣ್ಣಿಗೆ ಅಷ್ಟು ಕಾಣುವುದಿಲ್ಲ, ಹಾಗಾಗಿ ನಡೆಯುತ್ತದೆ. ಕೋನ ಸರಿ ಇದ್ದರೆ ಲೂಪ್ ಕೆಳಗೆ ಚುಕ್ಕಿಗಳು ಸೇರಿ ಪುಟ್ಟ ಪುಟ್ಟ ಗುಲಾಬಿ ಹೂವಿನ ಹಾಗೆ ಕಾಣುತ್ತವೆ. ನಿಮ್ಮ ಪುಟದಲ್ಲಿ ಆ ಹೂವು ಚೆನ್ನಾಗಿಯೇ ಇದೆ. ಅಂದರೆ ಪ್ಲೇಟಿನ ಕೋನದಲ್ಲಿ ತಪ್ಪಿಲ್ಲ.

ಹಾಗಾದರೆ ಅಲೆ ಎಲ್ಲಿಂದ ಬಂತು? ಸೀರೆಯ ನೇಯ್ಗೆಯಿಂದಲೇ. ಅದೂ ಸಾಲು ಸಾಲು ಎಳೆ. ಆ ಸಾಲು ಕ್ಯಾಮೆರಾ ಸೆನ್ಸರಿನ ಸಾಲಿಗೆ ತಾಗಿದರೆ ಫೋಟೊದಲ್ಲೇ ಅಲೆ ಏಳುತ್ತದೆ. ಪ್ರಿಂಟಿನ ಚುಕ್ಕಿಯ ಸಾಲಿಗೆ ತಾಗಿದರೆ ಕಾಗದದ ಮೇಲೆ ಮಾತ್ರ ಏಳುತ್ತದೆ. ಯಾವುದು ಅಂತ ನೀವೇ ಪರೀಕ್ಷೆ ಮಾಡಬಹುದು. ಮೂಲ ಫೋಟೊವನ್ನು ಕಂಪ್ಯೂಟರಿನಲ್ಲಿ ಶೇ. 100 ಅಳತೆಗೆ ಹಿಗ್ಗಿಸಿ ನೋಡಿ. ಅಲ್ಲೂ ಅಲೆ ಕಂಡರೆ ಫೋಟೊವನ್ನೇ ಮತ್ತೆ ತೆಗೆಯಬೇಕು. ಕ್ಯಾಮೆರಾವನ್ನು ಒಂದಡಿ ಹಿಂದೆ ಮುಂದೆ ಮಾಡಿ, ಸ್ವಲ್ಪ ಓರೆ ಮಾಡಿ, ಸೀರೆಯನ್ನು ಚಪ್ಪಟೆ ಹಾಸದೆ ನೆರಿಗೆ ಬಿಟ್ಟು ತೆಗೆದರೆ ಸಾಮಾನ್ಯವಾಗಿ ಹೋಗುತ್ತದೆ. ಫೋಟೊದಲ್ಲಿ ಇಲ್ಲದೆ ಪ್ರಿಂಟಿನಲ್ಲಿ ಮಾತ್ರ ಇದ್ದರೆ, ಆ ಪುಟದ ಪ್ಲೇಟನ್ನು ಸಾಲಿಲ್ಲದ ಚುಕ್ಕಿಯಲ್ಲಿ ಮಾಡಿಸಬಹುದು. ಮರಳು ಚೆಲ್ಲಿದ ಹಾಗೆ ಚದುರಿದ ಸಣ್ಣ ಚುಕ್ಕಿ ಅದು, ಎಫ್‌ಎಂ ಸ್ಕ್ರೀನ್ ಅನ್ನುತ್ತಾರೆ. ಪ್ಲೇಟ್ ಮಾಡುವ ಎಲ್ಲರೂ ಕೊಡುವುದಿಲ್ಲ, ಮೊದಲೇ ಕೇಳಬೇಕು.

ಜರಿಯ ವಿಷಯ ಬೇರೆ. ಚಿನ್ನಕ್ಕೆ ಒಂದು ಬಣ್ಣ ಅಂತಿಲ್ಲ. ಸೀರೆ ಅಲುಗಿದರೆ ಬೆಳಕು ಅಲುಗುತ್ತದೆ, ಅದನ್ನೇ ನಾವು ಚಿನ್ನ ಅನ್ನುತ್ತೇವೆ. ಕಾಗದದ ಮೇಲಿನ ನಾಲ್ಕು ಇಂಕಿಗೆ ಆ ಗುಣ ಇಲ್ಲ. ಹಳದಿ, ಸ್ವಲ್ಪ ಮೆಜೆಂಟಾ, ಚೂರು ಕಪ್ಪು ಸೇರಿ ಸಾಸಿವೆ ಬಣ್ಣ ಆಗುತ್ತದೆ. ಎರಡು ದಾರಿ ಇದೆ. ಖರ್ಚಿಲ್ಲದ ದಾರಿ ಫೋಟೊದಲ್ಲೇ. ಜರಿಗೆ ಪಕ್ಕದಿಂದ ಓರೆ ಬೆಳಕು ಬೀಳುವ ಹಾಗೆ ಮಾಡಿ ತೆಗೆಯಿರಿ. ಒಂದು ಕಡೆ ಪೂರ್ತಿ ಬಿಳಿ ಹೊಳಪು, ಪಕ್ಕದಲ್ಲೇ ಕಡು ಕಂದು ಬಂದರೆ ಕಣ್ಣು ಅದನ್ನು ಚಿನ್ನ ಅಂತ ಓದಿಕೊಳ್ಳುತ್ತದೆ. ನಿಮ್ಮ ಫೋಟೊದಲ್ಲಿ ನಾಲ್ಕೂ ಕಡೆಯಿಂದ ಟ್ಯೂಬ್‌ಲೈಟ್ ಬಿದ್ದು ಜರಿ ಚಪ್ಪಟೆಯಾಗಿದೆ. ಖರ್ಚಿನ ದಾರಿ ಐದನೇ ಪ್ಲೇಟ್. ಜರಿಯ ಜಾಗವನ್ನು ಮಾತ್ರ ಬೇರೆ ಮಾಡಿ, ಚಿನ್ನದ ಬಣ್ಣದ ಮೆಟಾಲಿಕ್ ಇಂಕಿನಲ್ಲಿ ಇನ್ನೊಂದು ಸಲ ಓಡಿಸುವುದು. ಇಂಕಿನ ಬಣ್ಣಗಳಿಗೆ ನಂಬರ್ ಕೊಟ್ಟಿರುವ ಪ್ಯಾಂಟೋನ್ ಪುಸ್ತಕದಲ್ಲಿ 871ರಿಂದ 876ರವರೆಗೆ ಚಿನ್ನ, ತಾಮ್ರದ ಛಾಯೆಗಳಿವೆ. ಒಳಪುಟಕ್ಕೆಲ್ಲ ಬೇಡ. ಕವರಿಗೆ ಮಾತ್ರ ಮಾಡಿಸಿ, ಕೊಟ್ಟ ದುಡ್ಡಿಗೆ ಬೆಲೆ ಬರುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಯಾಕೆಂದರೆ ಇದು ನನಗೆ ಬಹಳ ನೋವು ಕೊಡುವ ತಪ್ಪು. ಸೀರೆಯ ವಿವರ ಬರೆದ ಸಣ್ಣ ಕನ್ನಡ ಅಕ್ಷರಗಳನ್ನು ಲೂಪ್‌ನಲ್ಲಿ ನೋಡಿ. ಕಪ್ಪು ಅಕ್ಷರದ ಅಂಚಿನಲ್ಲಿ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೀಲಿ ಇಣುಕುತ್ತಿದೆ. ಅಕ್ಷರವನ್ನೂ ಫೋಟೊ ಜೊತೆ ಸೇರಿಸಿ ಒಂದೇ ಚಿತ್ರದ ಫೈಲ್ (ಜೆಪೆಗ್) ಮಾಡಿ, ನಾಲ್ಕು ಬಣ್ಣಕ್ಕೆ ಒಡೆದಿದ್ದಾರೆ. ನಾಲ್ಕು ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರ ಕೆಡುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಅಕ್ಷರದ ಕೆಳಗೆ ಒತ್ತು ಇದೆ, ಒಳಗೆ ಸಣ್ಣ ಸಣ್ಣ ಕಿಂಡಿ ಇದೆ. ‘ರೇಷ್ಮೆ’ಯಲ್ಲಿ ಮ ಒತ್ತು ಮುದ್ದೆಯಾಗಿದೆ ನೋಡಿ. ಅಕ್ಷರ ಯಾವತ್ತೂ ಕಪ್ಪು ಪ್ಲೇಟ್ ಒಂದರಲ್ಲೇ, ಶೇ. 100 ಕಪ್ಪಿನಲ್ಲಿ, ಓವರ್‌ಪ್ರಿಂಟ್ ಹಾಕಿ, ಅಂದರೆ ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೇ, ಹೋಗಬೇಕು. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಬೇಕೆಂದರೆ ದಪ್ಪ ಇಡಿ, ಇಲ್ಲದಿದ್ದರೆ ಒತ್ತು ಮುಚ್ಚಿಹೋಗುತ್ತದೆ.

ಕಾಗದವನ್ನು ಸೆಪರೇಷನ್‌ಗೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಇಂಕ್ ಕಾಗದದ ಮೇಲೆ ಬಿದ್ದ ಕೂಡಲೇ ಚುಕ್ಕಿ ಹರಡುತ್ತದೆ. ಫೈಲಿನಲ್ಲಿ ಶೇ. 50 ಇದ್ದ ಚುಕ್ಕಿ ಆರ್ಟ್ ಪೇಪರಿನಲ್ಲೂ 65ರ ಹತ್ತಿರ ಕಾಣುತ್ತದೆ. ಮ್ಯಾಪ್‌ಲಿಥೊ ಅನ್ನುವ ಹೊಳಪಿಲ್ಲದ ಕಾಗದದಲ್ಲಿ ಇನ್ನೂ ಜಾಸ್ತಿ. ಇಂಕಿನ ಒಟ್ಟು ಹೊರೆಗೂ ಮಿತಿ ಇದೆ. ನಾಲ್ಕೂ ನೂರು ನೂರು ಸೇರಿದರೆ 400 ಆಗುತ್ತದೆ. ಆರ್ಟ್ ಪೇಪರ್ ತಡೆಯುವುದು 300ರಿಂದ 320. ನ್ಯೂಸ್‌ಪ್ರಿಂಟ್ ಸುಮಾರು 240. ನಿಮ್ಮ ಕಡು ಮರೂನ್ ಸೀರೆಯಂಥ ಚಿತ್ರದಲ್ಲಿ ಮೂರು ಬಣ್ಣದ ಬದಲು ಕಪ್ಪಿಗೆ ಜಾಸ್ತಿ ಕೆಲಸ ಕೊಟ್ಟು ಹೊರೆ ಇಳಿಸುತ್ತಾರೆ. ಇಲ್ಲದಿದ್ದರೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ನಿಮ್ಮ ಎರಡನೇ ಪುಟದ ಹಿಂಬದಿಯಲ್ಲಿ ಮಸುಕಾದ ಕೆಂಪು ಛಾಯೆ ಇದೆ. ಅದು ಇದೇ.

ಈಗ ಮುಂದಿನ ಸಲಕ್ಕೆ. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ಕೊಡಿ. ಇಂಚಿಗೆ 300 ಪಿಕ್ಸೆಲ್ ಬೇಕು. 8 ಇಂಚು ಅಗಲದ ಪುಟಕ್ಕೆ 2,400 ಪಿಕ್ಸೆಲ್ ಆಯಿತು. ನೀವೇ ಸಿಎಂವೈಕೆ ಮಾಡಲು ಹೋಗಬೇಡಿ. ಯಾವ ಕಾಗದ, ಯಾವ ಮಷೀನ್ ಅಂತ ಗೊತ್ತಿರುವವರು ಅದನ್ನು ಮಾಡಬೇಕು. ಪ್ಲೇಟಿಗೆ ಹೋಗುವ ಮೊದಲು ಕಲರ್ ಪ್ರೂಫ್, ಅಂದರೆ ಬಣ್ಣದ ಮಾದರಿ ಪ್ರಿಂಟ್, ಕೇಳಿ, ದುಡ್ಡು ಕೊಟ್ಟಾದರೂ ತೆಗೆಸಿ. ಅಂಗಡಿಯ ಸಾದಾ ಇಂಕ್‌ಜೆಟ್ ಪ್ರಿಂಟ್ ಸಾಲದು. ನೀವು ಸಹಿ ಹಾಕಿದ ಆ ಪ್ರೂಫ್ ಮಷೀನ್ ಆಪರೇಟರ್ ಕಣ್ಣ ಮುಂದೆ ಇರಬೇಕು. ಪ್ರೂಫನ್ನು ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ನಿಮ್ಮ ಗಿರಾಕಿಗಳು ಸೀರೆ ಆರಿಸಿದ ಮೇಲೆ ಬಾಗಿಲ ಹತ್ತಿರ ಬೆಳಕಿಗೆ ತಂದು ಹಿಡಿಯುತ್ತಾರಲ್ಲ, ಹಾಗೇ ಮಾಡಿ. ಒಂದು ಕೈಯಲ್ಲಿ ಪ್ರೂಫ್, ಇನ್ನೊಂದು ಕೈಯಲ್ಲಿ ಬ್ಲೌಸ್ ಪೀಸ್.

ಪೂರ್ತಿ ಕ್ಯಾಟಲಾಗ್ ಮತ್ತೆ ಹೊಡೆಸುವ ಅಗತ್ಯ ನನಗೆ ಕಾಣುತ್ತಿಲ್ಲ. ಅಲೆ ಬಂದ ಪುಟ ಮತ್ತು ಹಸಿರು ಸೀರೆಯ ಪುಟ ಒಂದೇ ಫಾರ್ಮಿನಲ್ಲಿ (ಹಲವು ಪುಟ ಒಟ್ಟಿಗೆ ಪ್ರಿಂಟ್ ಆಗುವ ದೊಡ್ಡ ಹಾಳೆ) ಬಂದಿವೆಯಾ ಅಂತ ಮೊದಲು ಪ್ರೆಸ್‌ನಲ್ಲಿ ಕೇಳಿ. ಬಂದಿದ್ದರೆ ಆ ಒಂದು ಫಾರ್ಮಿನ ಪ್ಲೇಟ್ ಹೊಸದಾಗಿ ಮಾಡಿಸಿ, ಪಿನ್ ಬಿಚ್ಚಿ, ಆ ಹಾಳೆ ಮಾತ್ರ ಬದಲಿಸಿದರೆ ಸಾಕು. ಹೊಸ ಫೈಲ್ ತೆರೆದಾಗ ಆಪರೇಟರ್ ಪಕ್ಕ ಕೂತು, ಮೆಜೆಂಟಾ ಚಾನೆಲ್ (ಮೆಜೆಂಟಾ ಪ್ಲೇಟಿಗೆ ಹೋಗುವ ಚಿತ್ರ) ಒಂದನ್ನೇ ಪರದೆಗೆ ತರಲು ಹೇಳಿ. ಹಸಿರು ಸೀರೆಯ ಮೈ ಅಲ್ಲಿ ಬೆಳ್ಳಗೆ ಕಾಣಬೇಕು, ಮಡಿಕೆಗಳ ಒಳಗೆ ಮಾತ್ರ ಬೂದು ಇರಬೇಕು.